ಮಂಗಳವಾರ, ಶುಕ್ರವಾರದ ಸಿಲಿಕೋನ್

ಬೆಳಗ್ಗೆ ಎಂಟಕ್ಕೆ ನಮ್ಮ ಕಾರ್ಖಾನೆಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಒಳಗೆ ಬರುವವರಿಗೆ ನನ್ನ ಮೊದಲ ಮಾತು ನಮಸ್ಕಾರ ಅಲ್ಲ, "ಕೈ ತೋರ್ಸು" ಅನ್ನೋದು. ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಬಂದವರು, ತಲೆನೋವಿನ ಮುಲಾಮು ಹಚ್ಚಿಕೊಂಡವರು, ರಬ್ಬರ್ ಗ್ಲೌಸಿನ ಪುಡಿ ಮೆತ್ತಿಕೊಂಡವರು ಎಲ್ಲರೂ ನಲ್ಲಿಗೆ ಹೋಗಿ ತೊಳೆದು ಬರಬೇಕು. ಯಾಕೆಂದರೆ ನಾವು ಮಾಡೋದು ಸಿಲಿಕೋನ್ ಮಾಲು. ಅದು ಹೊಸ ಅಳಿಯನ ಹಾಗೆ, ಏನು ತಗುಲಿದರೂ ಮುನಿಸು. ಕೆಲಸಗಾರರು ಬೆನ್ನ ಹಿಂದೆ ನನ್ನನ್ನು ಪೊಲೀಸಮ್ಮ ಅಂತಾರೆ ಅಂತ ಗೊತ್ತು. ಅನ್ನಲಿ. ಗುಣಮಟ್ಟ ನೋಡುವವಳಿಗೆ ಅನುಮಾನವೇ ಹೊಟ್ಟೆಪಾಡು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಶೆಡ್ಡು. ಹನ್ನೊಂದು ಸಾವಿರ ವೋಲ್ಟಿನ ಕೇಬಲ್ಲನ್ನು ಕತ್ತರಿಸಿ ಪ್ಯಾನೆಲ್ಲಿಗೆ ಸೇರಿಸುವ ಕಡೆ, ಆ ಕತ್ತರಿಸಿದ ಕೊನೆಗೆ ಒಂದು ಸಿಲಿಕೋನ್ ಸ್ಲೀವ್ ತೊಡಿಸುತ್ತಾರೆ. ಕರೆಂಟು ಅಲ್ಲಿಂದ ಆಚೀಚೆ ಹಾರಬಾರದು ಅಂತ. ಮೊದಲು ನಾವು ಸ್ಲೀವುಗಳನ್ನು ಓವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಿದ್ದೆವು. ಆಮೇಲೆ ಬೆಳಕಿನಲ್ಲಿ ಗಟ್ಟಿಯಾಗುವ ಹೊಸ ಸಿಲಿಕೋನ್ ಬಂತು. ಗಾಜಿನಂಥ ತಿಳಿ ಅಂಟು. ಅದನ್ನು ಅಚ್ಚಿಗೆ ಒಂದು ಪದರ ಹುಯ್ಯಬೇಕು, ನೇರಳೆ ಬೆಳಕಿನ ಲ್ಯಾಂಪಿನ ಕೆಳಗೆ ತೊಂಬತ್ತು ಸೆಕೆಂಡು ಇಡಬೇಕು, ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರ. ಹೀಗೆ ಆರು ಪದರಕ್ಕೆ ಒಂದು ಸ್ಲೀವ್. ಬೆಳಕು ಪದರದ ತಳದವರೆಗೆ ಇಳಿಯಬೇಕು, ಅದೇ ಇದರ ಮರ್ಮ.

ಆ ಲ್ಯಾಂಪ್ ನಡೆಸುತ್ತಿದ್ದವನು ತಗಡೂರು ಕಡೆಯವನು. ನಲವತ್ತು ದಾಟಿದ ಆಸಾಮಿ, ಎಂಟು ವರ್ಷದಿಂದ ಕಂಟ್ರಾಕ್ಟಿನಲ್ಲೇ ಇದ್ದ. ನಾನೀಗ ಹೇಳುವ ಸಂಗತಿ ನಡೆದ ತಿಂಗಳ ಕೊನೆಗೆ ಅವನನ್ನು ಕಾಯಂ ಮಾಡುವುದೋ, ಕಂಟ್ರಾಕ್ಟು ಮುಗಿಸಿ ಕಳಿಸುವುದೋ ಅಂತ ತೀರ್ಮಾನ ಆಗಬೇಕಿತ್ತು. ಮಾಲೀಕರು ಅದನ್ನು ನನ್ನ ವರದಿಗೆ ಬಿಟ್ಟಿದ್ದರು. ಮಾತು ಕಡಿಮೆ ಅವನದು. ಅವನ ಮನೆಯವರೆಲ್ಲ ಬುದ್ಧನನ್ನು ನಂಬಿದವರು. ವಾರಕ್ಕೆರಡು ದಿನ ಬೆಳಗ್ಗೆ ನಾನು ಯಂತ್ರಗಳಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತೇನೆ. ಬೇರೆಯವರೆಲ್ಲ ಬಂದು ಕೈ ಮುಗಿಯುತ್ತಾರೆ, ಅವನು ಮಾತ್ರ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅದಕ್ಕೆ ನಾನು ಬಾಯಿಬಿಟ್ಟು ಏನೂ ಅಂದವಳಲ್ಲ. ಮನಸ್ಸಿನಲ್ಲಿ ಮಾತ್ರ ಅಂದುಕೊಂಡಿದ್ದೆ, ಯಂತ್ರಕ್ಕೆ ಕೈ ಮುಗಿಯದವನಿಗೆ ಯಂತ್ರದ ಮೇಲೆ ಭಯಭಕ್ತಿ ಎಲ್ಲಿಂದ ಬರಬೇಕು ಅಂತ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಅನಿಸಿದ್ದು ಅನಿಸಿದ್ದೇ.

ಇದೆಲ್ಲ ಶುರುವಾದದ್ದು ಒಂದು ಫೋನಿನಿಂದ. ಟಿ. ನರಸೀಪುರದ ಆಚೆ, ಸೋಸಲೆ ಕಡೆಯ ಒಂದು ಪಂಪ್‌ಹೌಸಿಗೆ ನಮ್ಮ ಸ್ಲೀವ್ ಹೋಗಿತ್ತು. ಅಲ್ಲಿ ಪ್ಯಾನೆಲ್ಲಿನ ಒಳಗೆ ಏನೋ ಸದ್ದು ಬರುತ್ತಿದೆ, ಲೈನ್ ಆಫ್ ಮಾಡಿದ್ದೇವೆ, ಬಂದು ನೋಡಿ ಅಂದರು. ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ಸ್ಲೀವ್ ಕೂರಿಸಿದವರದ್ದೇ ತಪ್ಪು ಅಂತ ಮನಸ್ಸಿನಲ್ಲಿ ವರದಿ ಬರೆದುಕೊಂಡೇ ಹೋದೆ. ನಮ್ಮ ಮಾಲಿನ ಮೇಲೆ ದೂರು ಬಂದರೆ ಮೊದಲು ಊರಿನವರ ಮೇಲೆಲ್ಲ ಅನುಮಾನ ಪಡುವುದು ನನ್ನ ಅಭ್ಯಾಸ.

ಪಂಪ್‌ಹೌಸಿನ ಆಪರೇಟರು ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಕೈಯಲ್ಲಿ ಒಂದು ಬಿದಿರಿನ ಕೋಲಿತ್ತು. ಪ್ಯಾನೆಲ್ಲಿನ ಹಿಂದಿನ ತಗಡಿನ ಬಾಗಿಲನ್ನು ಆ ಕೋಲಿನಲ್ಲೇ ತೋರಿಸಿದರು.

"ಒಳಗೆ ಆವು ಸೇರ್ಕಂಡದೆ ಅಂದ್ಕಂಡೆ ಕಣವ್ವ. ಬುಸ್ ಬುಸ್ ಅಂತಿತ್ತು. ಬಾಗ್ಲು ತಗ್ದು ಈ ಕೋಲಲ್ಲಿ ತಿವಿಯಾನ ಅಂತ ಓದೆ. ಏನೋ ಸುಟ್ಟ ವಾಸ್ನೆ ಬಂತು, ಅದ್ಕೆ ಕೈ ಇಂದಕ್ಕೆ ತಗಂಡೆ."

ನಾಲೆಯ ತೇವದಲ್ಲಿ ಇಟ್ಟಿದ್ದ ಹಸಿ ಬಿದಿರು ಅದು. ಹನ್ನೊಂದು ಸಾವಿರ ವೋಲ್ಟಿಗೆ ಆ ಕೋಲು ತಾಗಿದ್ದರೆ ಆ ಮನುಷ್ಯ ನನ್ನ ಮುಂದೆ ನಿಂತು ಮಾತಾಡುತ್ತಿರಲಿಲ್ಲ. ಅವರು ಮಾತ್ರ ಕೋಲನ್ನು ಗೋಡೆಗೆ ಒರಗಿಸಿ, ಕಾಫಿ ಕುಡಿತೀರಾ ಅಂತ ಕೇಳಿದರು.

ಲೈನು ಆಫ್ ಇರುವುದನ್ನು ಖಾತ್ರಿ ಮಾಡಿಕೊಂಡು, ಅರ್ತ್ ಕೊಟ್ಟು, ಸ್ಲೀವ್ ಬಿಚ್ಚಿಸಿದೆ. ಮೇಲೆ ಕೈಯಾಡಿಸಿದರೆ ಗಟ್ಟಿಯಾಗಿಯೇ ಇತ್ತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಪ್ರತಿ ಪದರದ ಮೇಲ್ಭಾಗ ಗಟ್ಟಿ, ತಳ ಮಾತ್ರ ಅರ್ಧ ಬೆಂದ ಹಲಸಿನ ಬೀಜದ ಹಾಗೆ ಮೆತ್ತಗೆ, ಬೆರಳಿಗೆ ಅಂಟುತ್ತಿತ್ತು. ಕೇಬಲ್ ಬಿಸಿಯಾದಾಗ ಆ ಮೆತ್ತನೆಯ ಭಾಗ ಜರುಗಿ ಒಳಗೆ ಪೊಳ್ಳು ಬಿದ್ದಿದೆ. ಆ ಪೊಳ್ಳಿನಲ್ಲಿ ಕರೆಂಟು ಸಣ್ಣಗೆ ಸಿಡಿಯುತ್ತಿತ್ತು, ಅದೇ ಆ ಬುಸುಗುಟ್ಟುವ ಸದ್ದು. ಕೂರಿಸಿದವರ ತಪ್ಪು ಏನೂ ಇರಲಿಲ್ಲ. ಸ್ಲೀವಿನ ಮೇಲಿದ್ದ ದಿನಾಂಕವನ್ನು ಬರೆದುಕೊಂಡು, ಸೀಳಿದ ತುಂಡನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ.

ಮಾರನೆಯ ದಿನ ಮಾಲೀಕರಿಗೆ ಕೋಲಿನ ವಿಷಯ ಹೇಳಿ ತುಂಡು ತೋರಿಸಿದೆ. ಅವರು ಮೊದಲು ಮಾಲು ಕೊಟ್ಟ ಕಂಪನಿಯನ್ನು ಬೈದರು. ನಾನೂ ಜೊತೆಗೆ ಬೈದೆ. ಅದೇ ಡಬ್ಬದ ಮಾಲಿನಿಂದ ಒಂದು ಚೂರು ಹೊಸದಾಗಿ ಮಾಡಿ ನೋಡಿದರೆ ತಳದವರೆಗೆ ಕಲ್ಲಿನ ಹಾಗೆ ಕೂತಿತು. ಡಬ್ಬದ್ದೇನೂ ತಪ್ಪಿಲ್ಲ. ಕರೆಂಟಿನ ಏರಿಳಿತ ಇರಬಹುದೇ ಅಂತ ಸ್ಟೆಬಿಲೈಸರ್ ನೋಡಿದೆವು, ಸರಿಯಾಗಿತ್ತು. ಉಳಿದದ್ದು ಮನುಷ್ಯರು.

ಪ್ರತಿ ದಿನ ಮಾಡಿದ ಮಾಲಿನಲ್ಲಿ ಒಂದು ಸ್ಲೀವನ್ನು ಸ್ಯಾಂಪಲ್ ಅಂತ ಕಪಾಟಿನಲ್ಲಿ ಎತ್ತಿಡುವುದು ನಮ್ಮ ಪದ್ಧತಿ. ಇಲ್ಲಿಯವರೆಗೆ ನಾನು ಅವುಗಳ ಮೇಲ್ಮೈಯನ್ನು ಗೇಜಿನಿಂದ ಒತ್ತಿ, ಗಟ್ಟಿ ಇದೆ ಅಂತ ಬರೆದು ಇಟ್ಟಿದ್ದೆ. ಒಂದನ್ನೂ ಸೀಳಿರಲಿಲ್ಲ. ಹೊಸ ಲ್ಯಾಂಪ್ ಬಂದಾಗಿನಿಂದ ಮೂರು ತಿಂಗಳ ಸ್ಯಾಂಪಲ್ಲುಗಳನ್ನು ಮೇಜಿನ ಮೇಲೆ ಸುರಿದುಕೊಂಡು ಒಂದೊಂದೇ ಸೀಳುತ್ತಾ ಕೂತೆ. ಎರಡು ದಿನ ಹಿಡಿಯಿತು, ಹೆಬ್ಬೆರಳಿಗೆ ಬೊಬ್ಬೆ ಬಂತು. ಸೀಳಿದ ಮೇಲೆ ಕ್ಯಾಲೆಂಡರ್ ತೆಗೆದು ಮೆತ್ತಗಿದ್ದವುಗಳ ದಿನಕ್ಕೆ ಗುರುತು ಹಾಕಿದೆ. ಮೊದಲ ತಿಂಗಳಲ್ಲಿ ಗುರುತು ಬಿದ್ದದ್ದೆಲ್ಲ ಮಂಗಳವಾರ ಮತ್ತು ಶುಕ್ರವಾರಕ್ಕೆ. ಬೇರೆ ಯಾವ ವಾರಕ್ಕೂ ಒಂದೂ ಇಲ್ಲ. ಆಮೇಲಿನ ಎರಡು ತಿಂಗಳಲ್ಲಿ ಮಂಗಳವಾರ ಶುಕ್ರವಾರದ್ದೂ ಬಹುಪಾಲು ಗಟ್ಟಿ, ಅಲ್ಲೊಂದು ಇಲ್ಲೊಂದು ಮಾತ್ರ ಮೆತ್ತಗೆ.

ಮಂಗಳವಾರ, ಶುಕ್ರವಾರ ಮಾಲೀಕರು ಕಾರ್ಖಾನೆಯಲ್ಲಿ ಇರುವುದಿಲ್ಲ. ಆಫೀಸು, ಬ್ಯಾಂಕು ಅಂತ ಮೈಸೂರಿಗೆ ಹೋಗುತ್ತಾರೆ. ನನಗೆ ಇನ್ನೇನು ಬೇಕಿತ್ತು? ಧಣಿ ಇಲ್ಲದ ದಿನ ತೊಂಬತ್ತು ಸೆಕೆಂಡಿನ ಕಡೆ ಅರವತ್ತು ಸೆಕೆಂಡಿಗೇ ತೆಗೆದು ಕೂತು ಬೀಡಿ ಸೇದುತ್ತಾನೆ ಅಂತ ಲೆಕ್ಕ ಹಾಕಿದೆ. ಮುಂದಿನ ಮಂಗಳವಾರ ಗಡಿಯಾರ ಹಿಡಿದು ಅವನ ಎದುರಿಗೇ ಸ್ಟೂಲ್ ಹಾಕಿಕೊಂಡು ಸಂಜೆಯವರೆಗೆ ಕೂತೆ. ಪ್ರತಿ ಪದರಕ್ಕೂ ತೊಂಬತ್ತು ಸೆಕೆಂಡು ಕೊಟ್ಟ. ಒಂದೆರಡು ಸಲ ಎದ್ದು ಲ್ಯಾಂಪಿನ ಹತ್ತಿರ ಬಂದು, ನನ್ನ ಮುಖ ನೋಡಿ, ಏನೂ ಮಾಡದೆ ಹೋಗಿ ಕೂತ. ಬೀಡಿ ಸೇದುವ ಅಭ್ಯಾಸವೇ ಅವನಿಗೆ ಇರಲಿಲ್ಲ. ಆದರೂ ಆ ದಿನದ ಸ್ಲೀವನ್ನು ಸಂಜೆ ಸೀಳಿದರೆ ಮೆತ್ತಗೇ ಇತ್ತು! ನನ್ನ ಕಣ್ಣೆದುರಿಗೇ ಏನೋ ಮಾಡಿದ್ದಾನೆ, ನನಗೆ ಕಾಣಲಿಲ್ಲ ಅಂತ ಸಿಟ್ಟು ನೆತ್ತಿಗೇರಿತು.

ಸ್ಟೋರಿನ ಪುಸ್ತಕ ತೆಗೆಸಿದೆ. ಲ್ಯಾಂಪಿನ ಗಾಜು ಒರೆಸಲು ದಿನಾ ಬೆಳಗ್ಗೆ ಒಂದಿಷ್ಟು ಸ್ಪಿರಿಟ್ ಕೊಡುತ್ತಾರೆ. ಎರಡು ತಿಂಗಳಿಂದ ಅವನು ಬಹುಪಾಲು ಮಂಗಳವಾರ ಶುಕ್ರವಾರ ಎರಡೆರಡು ಸಲ ಸ್ಪಿರಿಟ್ ತೆಗೆದುಕೊಂಡಿದ್ದ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಸಿಲಿಕೋನಿಗೆ ಸ್ಪಿರಿಟ್ ಬೆರೆಸಿ ತೆಳು ಮಾಡುತ್ತಿದ್ದಾನೆ, ಉಳಿದ ಮಾಲನ್ನು ಹೊರಗೆ ಯಾರಿಗೋ ಕೊಡುತ್ತಿದ್ದಾನೆ. ಒಂದು ತೊಡಕಿತ್ತು. ಸ್ಪಿರಿಟ್ ಎರಡು ಸಲ ಹೋದ ದಿನದ ಸ್ಲೀವುಗಳೇ ಗಟ್ಟಿಯಾಗಿದ್ದವು, ಒಂದೇ ಸಲ ಹೋದ ಮಂಗಳವಾರ, ಶುಕ್ರವಾರದವು ಮೆತ್ತಗೆ. ನನ್ನ ಲೆಕ್ಕಕ್ಕೆ ಇದು ಪೂರಾ ಉಲ್ಟಾ. ಅದನ್ನು ಕಂಡೂ ಕಾಣದ ಹಾಗೆ ಪುಸ್ತಕ ಮುಚ್ಚಿದೆ. ಅನುಮಾನ ಒಂದು ಸಲ ಹೊಟ್ಟೆಗೆ ಹೊಕ್ಕರೆ ಹಾಗೇ, ತನಗೆ ಬೇಕಾದದ್ದನ್ನು ಮಾತ್ರ ತಿನ್ನುತ್ತದೆ.

ಆ ಶುಕ್ರವಾರ ನಾನು ಎದುರಿಗೆ ಕೂರಲಿಲ್ಲ. ಪೂಜೆ ಮುಗಿಸಿ, ಟೆಸ್ಟ್ ರೂಮಿಗೆ ಹೋಗಿ, ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತೆ. ಐದು ನಿಮಿಷ ಆಗಿರಬಹುದು. ಅವನು ಆ ಕಡೆ ಈ ಕಡೆ ನೋಡಿದ. ಜೇಬಿನಿಂದ ಹತ್ತಿ ತೆಗೆದು, ಸ್ಪಿರಿಟಿನಲ್ಲಿ ಅದ್ದಿ, ಬಗ್ಗಿ ಲ್ಯಾಂಪಿನ ಅಡಿಗೆ ಕೈ ಹಾಕಿದ.

ಓಡಿಹೋಗಿ ಕೈ ಹಿಡಿದೆ. ಏನು ಮಾಡ್ತಿದ್ದೀಯಾ ಅಂದೆ. ಗಾಜು ಒರೆಸ್ತಿದ್ದೆ ಮೇಡಂ ಅಂದ. ಬೆಳಗ್ಗೆ ಎಂಟಕ್ಕೇ ಒರೆಸಿ ಸಹಿ ಮಾಡಿದ್ದೀಯಲ್ಲ, ಈಗ ಯಾಕೆ, ಅದೂ ಕದ್ದು ಯಾಕೆ ಅಂದೆ. ಅವನು ಒಂದು ಸಲ ನನ್ನ ಕೈ ನೋಡಿದ, ಆಮೇಲೆ ನೆಲ ನೋಡಿದ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಅವನ ಕೈಯಲ್ಲಿದ್ದ ಹತ್ತಿಯನ್ನು ಕಿತ್ತುಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ದಿನಾಂಕ ಬರೆದು, ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಪೊಲೀಸಮ್ಮ ಅನ್ನುವ ಹೆಸರಿಗೆ ತಕ್ಕ ಹಾಗೇ ನಡೆದುಕೊಂಡೆ.

ಶನಿವಾರ ಕೂತು ವರದಿ ಬರೆದೆ. ಲ್ಯಾಂಪ್ ಆಪರೇಟರು ಕೆಲಸದ ಮಧ್ಯೆ ಕದ್ದು ಲ್ಯಾಂಪ್ ಮುಟ್ಟುತ್ತಿದ್ದಾರೆ, ಸ್ಪಿರಿಟ್ ದುರ್ಬಳಕೆ ಆಗಿದೆ, ಇವರನ್ನು ಮುಂದುವರಿಸುವುದು ಕ್ಷೇಮವಲ್ಲ. ಮೂರೇ ಸಾಲು. ಒಬ್ಬ ಮನುಷ್ಯನ ಎಂಟು ವರ್ಷ ತೆಗೆದುಹಾಕಲು ಮೂರು ಸಾಲು ಸಾಕಾಗಿತ್ತು.

ಸೋಮವಾರ ಆ ವರದಿಗೆ ಸಾಕ್ಷಿ ಅಂತ ಹತ್ತಿಯನ್ನೂ ಪಿನ್ ಮಾಡೋಣ ಅಂತ ಕವರ್ ತೆಗೆದೆ. ಬಿಳಿಯ ಹತ್ತಿ ಹಳದಿಯಾಗಿತ್ತು. ಇದೇನೋ ಕೆಮಿಕಲ್ಲು, ಇದನ್ನೇ ಗಾಜಿಗೆ ಸವರುತ್ತಿದ್ದ ಅಂದುಕೊಂಡು ಮೂಗಿನ ಹತ್ತಿರ ಹಿಡಿದೆ. ಸ್ಪಿರಿಟ್ ಆರಿಹೋಗಿತ್ತು. ಅದರ ಹಿಂದೆ ಇನ್ನೊಂದು ವಾಸನೆ ಇತ್ತು. ಆ ವಾಸನೆ ನನಗೆ ಗೊತ್ತಿತ್ತು, ಆದರೆ ಗೊತ್ತು ಅಂತ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಕಸ ಗುಡಿಸುವ ಅಮ್ಮ ಎಲೆ ಅಡಿಕೆ ಹಾಕುತ್ತಾರೆ. ಅವರ ಚೀಲದಿಂದ ಒಂದು ಚಿಟಿಕೆ ಸುಣ್ಣ ಇಸಕೊಂಡು, ನೀರಿನಲ್ಲಿ ಕದಡಿ, ಹತ್ತಿಯ ಮೇಲೆ ಒಂದು ತೊಟ್ಟು ಬಿಟ್ಟೆ. ಹಳದಿ ಇದ್ದದ್ದು ನೋಡನೋಡುತ್ತಾ ಕೆಂಪಾಯಿತು. ಆರತಿ ತಟ್ಟೆಗೆ ನೀರು ಕಲಸುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು.

ಅಮ್ಮ ನನ್ನ ಮುಖ ನೋಡಿ, ಯಾಕವ್ವ ಕೂತ್ಬುಟ್ಟೆ, ಮೈ ಸರಿಯಿಲ್ವಾ ಅಂತ ಕೇಳಿದರು.

ಮಿಕ್ಸರು, ಓವನ್ನು, ಪ್ರೆಸ್ಸು, ಟೆಸ್ಟ್ ಸೆಟ್ಟು ಎಲ್ಲಕ್ಕೂ ನಾನು ವರ್ಷಗಟ್ಟಲೆಯಿಂದ ಅರಿಶಿನ ಇಡುತ್ತಾ ಬಂದಿದ್ದೇನೆ, ಮಂಗಳವಾರ ಮತ್ತು ಶುಕ್ರವಾರ. ಅವುಗಳಿಗೆ ಏನೂ ಆಗಿರಲಿಲ್ಲ. ಹೊಸ ಲ್ಯಾಂಪ್ ಬಂದಾಗ ಅದಕ್ಕೆ ಹಣೆ ಯಾವುದು ಅಂತ ಹುಡುಕಿದ್ದೆ. ಮೈಯೆಲ್ಲ ಬಿಸಿ ಹೊರಹಾಕುವ ಕಪ್ಪು ತಗಡಿನ ರೆಕ್ಕೆ, ಮುಟ್ಟಿದರೆ ಸುಡುತ್ತಿತ್ತು. ಕೆಳಗಡೆಯ ಗಾಜೇ ಅದರ ಮುಖ ಅನ್ನಿಸಿತು. ಬೆರಳಲ್ಲಿ ಒದ್ದೆ ಅರಿಶಿನ ತೆಗೆದು ಬಗ್ಗಿ ಗಾಜಿಗೆ ಇಡುತ್ತಿದ್ದೆ. ಪೂಜೆ ಆದ ಮೇಲೆ, ಒಣಗಿ ಉದುರಿ ಮಾಲಿಗೆ ಬಿದ್ದೀತು ಅಂತ, ನಾನು ಗುಣಮಟ್ಟದವಳಲ್ಲವೇ, ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿಬಿಡುತ್ತಿದ್ದೆ. ಬೊಟ್ಟು ಹೋಗುತ್ತಿತ್ತು. ಅದರ ಹಳದಿ ಗಾಜಿನ ಅಗಲಕ್ಕೂ ತೆಳ್ಳಗೆ ಹರಡಿಕೊಳ್ಳುತ್ತಿತ್ತು. ಆಪರೇಟರು ಎಂಟಕ್ಕೆ ಸ್ಪಿರಿಟಿನಲ್ಲಿ ಒರೆಸುತ್ತಿದ್ದ, ನನ್ನ ಪೂಜೆ ಎಂಟೂಕಾಲಿಗೆ. ಮಾರನೆಯ ಬೆಳಗ್ಗೆ ಅವನು ಒರೆಸಿದರೆ ಗಾಜು ಮತ್ತೆ ಸ್ವಚ್ಛ.

ಆದರೂ ನನ್ನ ಬುದ್ಧಿ ನೋಡಿ. ಅಷ್ಟರಿಂದ ಬೆಳಕು ಎಷ್ಟು ಕಡಿಮೆಯಾದೀತು, ಇದ್ದರೂ ಚೂರು ಅಂತ ವಾದ ಹೂಡಿತು. ಮಾಲು ಕೊಡುವ ಕಂಪನಿಯವರು ನಮ್ಮ ದೂರಿನ ಮೇಲೆ ಬೆಳಕಿನ ಬಲ ಅಳೆಯುವ ಮೀಟರನ್ನು ಎರಡು ದಿನಕ್ಕೆ ಕಳಿಸಿದ್ದರು, ಅದು ಅವತ್ತೇ ಸಂಜೆ ಬಂತು. ಮಂಗಳವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಸ್ಪಿರಿಟಿನಲ್ಲಿ ಗಾಜು ಒರೆಸಿ ಅಳೆದೆ, ಮುಳ್ಳು ಪೂರ್ತಿ ಹತ್ತಿತು. ಅರಿಶಿನ ಇಟ್ಟು, ಎಂದಿನ ಹಾಗೆ ಒಣ ಬಟ್ಟೆಯಿಂದ ಒರೆಸಿ ಮತ್ತೆ ಅಳೆದೆ. ಮುಳ್ಳು ಅರ್ಧಕ್ಕೂ ಬರಲಿಲ್ಲ. ಕಣ್ಣಿಗೆ ಎರಡೂ ಸಲ ಅದೇ ನೇರಳೆ ಬೆಳಕು. ಸಿಲಿಕೋನಿಗೆ ಬೇಕಾದ ಬೆಳಕನ್ನೇ ಆರಿಸಿ ಅರಿಶಿನ ನುಂಗುತ್ತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯಲ್ಲಿ ನೊಣ ಹುಡುಕುವುದು ಅಂದರೆ ಇದೇ.

ಬುಧವಾರ ಮಾಲೀಕರು ಬಂದ ಕೂಡಲೇ ಹೋಗಿ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಪಂಪ್‌ಹೌಸಿನ ಕೋಲಿನ ವಿಷಯ ನೆನಪಾಗಿ ನಗು ನಿಲ್ಲಿಸಿದರು. ಹೊರಗೆ ಹೋಗಿರುವ ಮಂಗಳವಾರ ಶುಕ್ರವಾರದ ಸ್ಲೀವುಗಳನ್ನೆಲ್ಲ ವಾಪಸು ತರಿಸಬೇಕು ಅಂದಾಗ ತಕ್ಷಣ ಒಪ್ಪಿದರು, ಅದು ಅವರ ದೊಡ್ಡಗುಣ. ವರದಿಯ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿದರು.

"ಗಾಜಿನ ಮೇಲೆ ಕಲ್ಮಷ ಇತ್ತು ಅಂತ ಬರೀರಿ, ಸಾಕು. ಪೂಜೆಗೀಜೆ ಅಂತೆಲ್ಲ ಬರೆದ್ರೆ ಹೊರಗಿನವರು ಆಡ್ಕೊಂಡು ನಗ್ತಾರೆ. ನಿಮ್ಮ ಮರ್ಯಾದೆನೂ ಉಳೀಲಿ."

ಬಹಳ ಹಿತವಾದ ಮಾತು. ಒಂದು ಗಳಿಗೆ ನನಗೂ ಹಾಗೇ ಮಾಡೋಣ ಅನ್ನಿಸಿತು. ಸುಳ್ಳು ಇರಲಿಲ್ಲ ಅದರಲ್ಲಿ. ಗಾಜಿನ ಮೇಲೆ ಕಲ್ಮಷ ಇದ್ದದ್ದು ನಿಜ. ನನ್ನ ಟೇಬಲ್ಲಿಗೆ ಬಂದು ಆ ಸಾಲನ್ನು ಬರೆದೂ ಬರೆದೆ. ಬರೆದು ಓದಿಕೊಂಡಾಗ ಹೊಳೆಯಿತು. ಗಾಜು ಒರೆಸುವ ಕೆಲಸ ಯಾರದು? ಗಾಜಿನ ಚಾರ್ಟಿನಲ್ಲಿ ಸಹಿ ಯಾರದು? ಆ ಒಂದು ಸಾಲು ಓದಿದವರು ಯಾರ ಹೆಸರು ಹುಡುಕುತ್ತಾರೆ? ಶನಿವಾರ ಮೂರು ಸಾಲಿನಲ್ಲಿ ತೆಗೆಯಲು ಹೊರಟವನನ್ನು ಈಗ ಒಂದೇ ಸಾಲಿನಲ್ಲಿ ತೆಗೆಯುತ್ತಿದ್ದೆ, ಅದೂ ಗೊತ್ತಿದ್ದೂ ಗೊತ್ತಿದ್ದೂ.

ಆ ಹಾಳೆಯನ್ನೂ ಶನಿವಾರದ ವರದಿಯನ್ನೂ ಹರಿದು ಇನ್ನೊಂದು ಹಾಳೆ ತೆಗೆದುಕೊಂಡೆ. ಪೂಜೆಯ ದಿನಗಳಲ್ಲಿ ಲ್ಯಾಂಪಿನ ಗಾಜಿಗೆ ಅರಿಶಿನ ಹಚ್ಚಿ ಒಣ ಬಟ್ಟೆಯಲ್ಲಿ ಒರೆಸಿದವಳು ನಾನು, ಸ್ಯಾಂಪಲ್ ಸೀಳದೆ ಪಾಸು ಮಾಡಿದವಳೂ ನಾನು, ಎರಡು ತಿಂಗಳಿಂದ ಬಹುಪಾಲು ಮಾಲು ಕೆಡದೆ ಉಳಿದಿರುವುದು ಆಪರೇಟರು ಎರಡನೇ ಸಲ ಗಾಜು ಒರೆಸಿದ್ದರಿಂದ ಅಂತ ಬರೆದೆ. ಅವರನ್ನು ಕಾಯಂ ಮಾಡಬೇಕು ಅಂತ ಕೊನೆಯಲ್ಲಿ ಸೇರಿಸಿ ಸಹಿ ಹಾಕಿದೆ. ಮಾಲೀಕರು ಓದಿ ಫೈಲಿಗೆ ಸೇರಿಸಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಹತ್ತಿರ ಹೋದೆ. ಮುದ್ದೆ ಮುರಿಯುತ್ತಿದ್ದವನು ಏಳಲು ಹೋದ, ಕೂತ್ಕೋ ಅಂದು ನಾನೂ ಪಕ್ಕದ ಡಬ್ಬದ ಮೇಲೆ ಕೂತೆ. ತಪ್ಪು ನಂದು, ನಾಲ್ಕು ಜನರ ಮುಂದೆ ನಿನ್ನನ್ನ ಕಳ್ಳನ ಹಾಗೆ ಹಿಡಿದೆ ಅಂದೆ. ಅವನು ಇರ್ಲಿ ಬುಡಿ ಮೇಡಂ ಅಂದ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಲ್ಯಾಂಪಿನ ಕೆಳಗೆ ಬಿಳಿ ಹಾಳೆ ಇಟ್ಟರೆ ಪೂಜೆಯ ದಿನ ಹೊಳಪು ಮಂಕಾಗಿ ಕಾಣುತ್ತಿತ್ತಂತೆ. ಮೊದಲ ತಿಂಗಳು ಅರ್ಥವಾಗಲಿಲ್ಲವಂತೆ, ಆಮೇಲೆ ಗೊತ್ತಾಯಿತಂತೆ. ನಾನು ಹತ್ತಿರ ಇಲ್ಲದ ದಿನ ಒರೆಸುತ್ತಿದ್ದ, ನಾನು ಅಲ್ಲೇ ಇದ್ದರೆ ಬಿಡುತ್ತಿದ್ದ. ಗಡಿಯಾರ ಹಿಡಿದು ನಾನು ಕೂತ ಮಂಗಳವಾರ ಮಾಲು ಮೆತ್ತಗಾದದ್ದು ಅದಕ್ಕೇ.

ಅಷ್ಟು ಗೊತ್ತಿದ್ದವನು ನನಗೆ ಒಂದು ಮಾತು ಹೇಳಬಾರದಿತ್ತಾ, ಅಲ್ಲಿ ಒಂದು ಜೀವ ಹೋಗ್ತಿತ್ತು ಅಂದೆ. ಕೇಳುವಾಗ ನನ್ನ ದನಿಯಲ್ಲಿ ಇನ್ನೂ ಸ್ವಲ್ಪ ಗದರಿಕೆ ಇತ್ತು.

ಅವನು ಊಟ ನಿಲ್ಲಿಸಿದ. ಅಂಟಂಟು ಮಾಲು ಹೊರಗೆ ಹೋಗಿದೆ ಅಂತ ತನಗೆ ಗೊತ್ತಿರಲಿಲ್ಲ, ಮೇಲೆ ಗಟ್ಟಿ ಇತ್ತಲ್ಲ, ನೀವೂ ಪಾಸು ಮಾಡಿದ್ರಿ ಅಂದ. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು ಹೇಳಿದ.

"ಅರಿಸ್ನ ಇಡಬ್ಯಾಡಿ ಅಂತ ಬ್ಯಾರೆ ಯಾರಾದ್ರೂ ಏಳಿದ್ರೆ ಅದು ಲ್ಯಾಂಪಿನ ಮಾತು ಮೇಡಂ. ನಾನು ಏಳಿದ್ರೆ ಲ್ಯಾಂಪಿನ ಮಾತಾಗಿ ಉಳೀತಿತ್ತಾ?"

ಅವನು ಪಕ್ಕಕ್ಕೆ ಸರಿದು ನಿಂತಾಗಲೆಲ್ಲ ನಾನು ಮನಸ್ಸಿನಲ್ಲಿ ಏನು ಅಂದುಕೊಂಡಿದ್ದೆ ಅಂತ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಸ್ಲೀವುಗಳು ವಾಪಸು ಬಂದವು. ಎಲ್ಲ ಬದಲಾಯಿಸಿ ಕಳಿಸುವ ಹೊತ್ತಿಗೆ ಒಂದು ತಿಂಗಳು ಹಿಡಿಯಿತು. ಸೋಸಲೆ ಕಡೆಯ ಪಂಪ್‌ಹೌಸಿಗೆ ನಾನೇ ಹೊಸದನ್ನು ತೆಗೆದುಕೊಂಡು ಹೋದೆ. ಇನ್ನು ಮೇಲೆ ಸದ್ದು ಬಂದರೆ ಹಾವೇ ಇರಲಿ, ಕೋಲು ಮುಟ್ಟಬೇಡಿ ಅಂತ ಆ ಹಿರಿಯರಿಂದ ಮಾತು ತೆಗೆದುಕೊಂಡು ಬಂದೆ. ಲ್ಯಾಂಪ್ ನಡೆಸುವವನು ಕಾಯಂ ಆದ. ಗಾಜಿನ ಚಾರ್ಟನ್ನೂ ಬದಲಾಯಿಸಿದೆವು. ಲ್ಯಾಂಪಿನ ಹತ್ತಿರ ಯಾರು ಬಂದರೂ, ಯಾರೇ ಆಗಲಿ, ಆಪರೇಟರು ನೋಡಿ ಒಪ್ಪಿದ ಮೇಲೆಯೇ ಕೈ ಇಡಬೇಕು ಅಂತ ನಾನೇ ಬರೆದು ಅಂಟಿಸಿದೆ. ಬರೆದದ್ದೇನೋ ಬರೆದೆ, ಅದು ನನಗೂ ಸೇರುತ್ತದೆ ಅಂತ ಪೂರ್ತಿ ಮನಸ್ಸಿಗೆ ಬಂದಿರಲಿಲ್ಲ.

ಅದನ್ನು ಅಂಟಿಸಿದ ಮೇಲಿನ ಮೊದಲ ಶುಕ್ರವಾರ ಪೂಜೆ ಮಾಡಿದೆ. ಮಿಕ್ಸರಿಗೆ, ಓವನ್ನಿಗೆ, ಪ್ರೆಸ್ಸಿಗೆ ಇಟ್ಟೆ. ಲ್ಯಾಂಪನ್ನು ಬಿಟ್ಟೆ. ಆಮೇಲೆ ನಾವೇ ಹೊಸದಾಗಿ ಕೊಂಡಿದ್ದ ಮೀಟರು ಹಿಡಿದು, ಬೆಳಕು ಅಳೆಯಲು ಅಂತ ಲ್ಯಾಂಪಿನ ಹತ್ತಿರ ಹೋಗಿ ಗಾಜಿನ ಕಡೆ ಕೈ ಚಾಚಿದೆ. ಅವನು ಸ್ಟೂಲಿನಿಂದ ಎದ್ದ. ಈ ಸಲ ಪಕ್ಕಕ್ಕೆ ಸರಿಯಲಿಲ್ಲ.

"ಕೈ ತೋರ್ಸಿ ಮೇಡಂ" ಅಂದ.

ಶೆಡ್ಡಿನಲ್ಲಿ ಎಲ್ಲರ ಕೆಲಸ ನಿಂತಿತು. ನಾನು ಮೀಟರನ್ನು ಮೇಜಿನ ಮೇಲಿಟ್ಟು ಎರಡೂ ಕೈ ಮುಂದೆ ಚಾಚಿದೆ. ಅವನು ಬಗ್ಗಿ, ಅಂಗೈ ನೋಡಿ, ಬೆರಳ ತುದಿ ನೋಡಿದ. ಉಗುರಿನ ಸಂದಿಯಲ್ಲಿ ಹಳದಿ ಇತ್ತು. ನಾನು ನಲ್ಲಿಯ ಕಡೆ ನಡೆದೆ.